ಅಕ್ಕೋರು ನೀರು ಕುಡದ್ರೋ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪನ ಕಡೆ ಯಾರೂ ಇಲ್ಲ, ಅವ್ವನ ಕಡೆಯೂ ಯಾರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಪಡೆದದ್ದು, ಅದರಲ್ಲೂ ಕಾಲಿನ ಕಷ್ಟವೇ ಹೆಚ್ಚು.

ಎಕ್ಕಂಬಿಯಿಂದ ಒಳಗೆ ನಮ್ಮೂರು. ಸಿರ್ಸಿಯ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಬೆಳಿಗ್ಗೆ ಒಂದೇ. ಅದೂ ಡಾಂಬರು ರಸ್ತೆಯಲ್ಲಿ ನಿಲ್ಲುತ್ತಿತ್ತೇ ಹೊರತು ನಮ್ಮೂರಿಗೆ ಬರುತ್ತಿರಲಿಲ್ಲ. ಸಗಣಿ ಬಾಚಿ, ಎಮ್ಮೆ ಹಿಂಡಿ, ರೊಟ್ಟಿ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ಓಡಬೇಕು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ದೂರದಿಂದಲೇ ಕೂಗುತ್ತಿದ್ದ: "ಬಾರವಾ ಬಾ, ಇನ್ನೊಂದೀಟು ಜೋರ್ ಓಡಿದ್ರ ನಮಗಿಂತ ಮದ್ಲ ನೀನ ಸಿರ್ಸಿ ಮುಟ್ಟತಿ!" ಬಸ್ಸು ತುಂಬ ನಗು. ನಾನೂ ಏದುಸಿರು ಬಿಡುತ್ತ ನಕ್ಕು ಹತ್ತುತ್ತಿದ್ದೆ. ಡಿಗ್ರಿ ಮುಗಿಯಿತು, ಬಿ.ಎಡ್. ಮುಗಿಯಿತು. ತೊಂಬತ್ತರ ದಶಕದ ಕೊನೆಗೆ ಯಲ್ಲಾಪುರ ತಾಲೂಕಿನ ಒಳಗಿನ ಒಂದು ಹೈಸ್ಕೂಲಿನಲ್ಲಿ ಅಕ್ಕೋರಾದೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ.

ನನ್ನ ಬಾಡಿಗೆ ಕೋಣೆ ಶಾಲೆಯ ಕಾಂಪೌಂಡಿಗೆ ತಾಗಿಕೊಂಡಿತ್ತು. ಹಿಡಿಯಬೇಕಾದ ಬಸ್ಸೇ ಇರಲಿಲ್ಲ. ಮೊದಲ ತಿಂಗಳು ಸುಖವೆನಿಸಿತು. ಆಮೇಲೆ ಬೆಳಗಾದರೆ ಕಾಲು ಸುಮ್ಮನಿರದಾಯಿತು. ಅಷ್ಟು ವರ್ಷ ಗತಿಯಿಲ್ಲದೆ ಓಡಿದವಳಿಗೆ ಒಮ್ಮೆ ಯಾವ ಕಾರಣವೂ ಇಲ್ಲದೆ ಓಡಿ ನೋಡಬೇಕೆನಿಸಿತು. ಸಿರ್ಸಿ ಪೇಟೆಗೆ ಹೋಗಿ ಬಿಳಿ ಕ್ಯಾನ್ವಾಸ್ ಶೂ ತಂದೆ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದೆ. ಶಾಲೆಯ ಹಿಂದಿನಿಂದ ಕಾಡಿನೊಳಗೆ ಒಂದು ಕಾಲುದಾರಿ ಹೋಗುತ್ತಿತ್ತು. ಹೊರಟೆ.

ಆ ದಾರಿಯ ರುಚಿಯನ್ನು ಹೇಗೆ ಹೇಳಲಿ? ಮೊದಲು ಮತ್ತಿ, ನಂದಿ ಮರಗಳ ನಡುವೆ ಸಣ್ಣ ಏರು. ಆಮೇಲೆ ಕಲ್ಲುಕಲ್ಲು ದಿಬ್ಬ, ಅಲ್ಲಿ ಉಸಿರು ಎದೆಗೆ ಗುದ್ದುತ್ತದೆ. ಹೆಜ್ಜೆ ಎಲ್ಲಿಡಬೇಕೆಂದು ಯೋಚಿಸುವಷ್ಟು ಹೊತ್ತು ಇರುವುದಿಲ್ಲ, ಕಾಲೇ ಯೋಚಿಸುತ್ತದೆ. ನೆತ್ತಿಗೆ ಮುಟ್ಟಿದರೆ ಗಾಳಿ. ಅಲ್ಲಿಂದ ಆಚೆಗೆ ಇಳಿಜಾರು, ಒಣಗಿದ ಎಲೆಯ ಮೇಲೆ ಜಾರುತ್ತ, ಬೇರು ಹಾರುತ್ತ, ಹಳ್ಳಕ್ಕೆ ಹಾಕಿದ ಮರದ ಸಂಕದ ಮೇಲೆ ದಡದಡ ಸದ್ದು ಮಾಡುತ್ತ ಹೋದರೆ ಆಚೆ ಕೊಳ್ಳದ ಕೇರಿ. ಒಂದೊಂದು ತೋಟಕ್ಕೆ ಒಂದೊಂದು ಮನೆ, ಕೂಗಿದರೆ ಕೇಳುವಷ್ಟು ದೂರ ದೂರ. ಮೊದಲ ದಿನ ನಾನು ಆ ಮನೆಗಳ ಅಂಗಳದಂಚಿನಲ್ಲಿ ನಿಲ್ಲದೆ ಓಡಿದೆ. ಕಂಡವರಿಗೆ ಕೈ ಬೀಸಿದೆ. ಯಾರೂ ತಿರುಗಿ ಬೀಸಲಿಲ್ಲ. ಹೊಸಬಳೆಂದು ನಾಚಿಕೊಂಡಿರಬೇಕು ಅಂದುಕೊಂಡೆ.

ಕೇರಿಯ ಕೊನೆ ಮುಟ್ಟಿ ಹಿಂದಿರುಗಿದಾಗ ಎಲ್ಲ ಅಂಗಳಗಳಲ್ಲೂ ಜನ ನಿಂತಿದ್ದರು. ಯಾವ ಮನೆಯ ಮಾಡಿನ ಮೇಲೂ ಹೊಗೆಯಿಲ್ಲ. ಗುಡ್ಡದ ಬುಡದ ಮನೆಯ ಅಜ್ಜಿ ಅಂಗಳಕ್ಕೇ ಇಳಿದು ಬಂದು ದಾರಿಗೆ ಅಡ್ಡ ನಿಂತರು.

"ಯಾರ ಮನೆಲಿ, ತಂಗಿ? ಯಾರು?"

"ಎಂತದು ಅಜ್ಜಿ?"

"ಸತ್ತಿದ್ದು ಯಾರು ಅಂತ ಹೇಳು ಮಾರಾಯ್ತಿ! ಒಲೆ ಆರ್ಸಿ ಕೂತು ಎಷ್ಟು ಹೊತ್ತಾತು!"

"ಯಾರೂ ಸತ್ತಿಲ್ಲ. ನಾನು ಶಾಲೆ ಅಕ್ಕೋರು. ಸುಮ್ನೆ ಓಡ್ತಾ ಇದ್ದೆ."

"ಸುಮ್ನೆ?"

"ಸುಮ್ನೆ."

ಅಜ್ಜಿ ಪಕ್ಕದ ಮನೆಯತ್ತ ತಿರುಗಿ ದನಿಯೇರಿಸಿದರು: "ಕೇಳಿದ್ರನೋ? ಸುಮ್ನೆ ಓಡ್ತಡ ಇದು! ದೋಸೆ ಹೊಯ್ರೋ!"

ಆಮೇಲೆ ತಿಳಿಯಿತು. ಫೋನಿಲ್ಲದ ಆ ಕೊಳ್ಳಗಳಲ್ಲಿ ಸಾವಾದರೆ ಒಬ್ಬನನ್ನು ಒಳದಾರಿಯಲ್ಲಿ ಓಡಿಸುತ್ತಾರೆ. ಹಾಗೆ ಬಂದವನು ಜಗಲಿ ಹತ್ತುವುದಿಲ್ಲ, ಕೂರುವುದಿಲ್ಲ, ನೀರು ಮುಟ್ಟುವುದಿಲ್ಲ. ಸಂಬಂಧದ ಮನೆಯ ಅಂಗಳದಲ್ಲಿ ನಿಂತು ಹೇಳಿ ಮುಂದಿನ ಮನೆಗೆ ಓಡುತ್ತಾನೆ. ಅವನು ಓಡುವುದು ಕಂಡರೆ, ಸೂತಕ ಯಾರಿಗೆ ಬಂತೆಂದು ತಿಳಿಯುವವರೆಗೆ ಕೇರಿಯವರು ಉಣ್ಣುವುದಿಲ್ಲ. ಬೆಳಗಿನ ಹೊತ್ತು ನಿಲ್ಲದೆ ಓಡಿದ ನಾನು ಅವರ ಕಣ್ಣಿಗೆ ಅದಲ್ಲದೆ ಮತ್ತೇನೂ ಆಗಿರಲು ಸಾಧ್ಯವಿರಲಿಲ್ಲ.

ಆ ವಾರವೇ ಕೇರಿಯ ಹಿರಿಯರೊಬ್ಬರು ಶಾಲೆಗೆ ಬಂದರು. ಹೆಡ್‌ಮಾಸ್ತರು ನನ್ನನ್ನು ಕರೆದರು. "ಅಕ್ಕೋರೆ, ವಯಸ್ಸಾದವರು ಇರೋ ಕೇರಿ. ಎದೆ ಒಡ್ಕಂಡ್ರೆ ಯಾರು ಹೊಣೆ? ಬೇಕಾದ್ರೆ ಶಾಲೆ ಮೈದಾನಕ್ಕೆ ಸುತ್ತು ಹಾಕಿ."

ಎರಡು ದಿನ ಹಾಕಿ ನೋಡಿದೆ. ಗಾಣದ ಎತ್ತಿನ ಪಾಡು. ರಜೆಗೆ ಊರಿಗೆ ಹೋದಾಗ ಅವ್ವನೂ ಹೆಡ್‌ಮಾಸ್ತರ ಕಡೆಗೇ ಸೇರಿದಳು. "ಓಡೋದು ತಪ್ಪಲೀ ಅಂತ ನಿನಗ ಸಾಲಿ ಕಲಿಸಿದ್ವಿ. ಈಗ ಪಗಾರ ತಗೊಂಡು ಓಡತಿಯಲ್ಲ!" ಅಪ್ಪ ಬೀಡಿ ಕಚ್ಚಿಕೊಂಡು ಇಷ್ಟೇ ಅಂದ: "ಓಡಲಿ ಬಿಡ. ಯಾರಪ್ಪನ ಕಾಲು?"

ಕಾಲು ನನ್ನದು, ಸರಿ. ದಾರಿ ನನ್ನೊಬ್ಬಳದಲ್ಲವಲ್ಲ. ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ, ಆದರೆ ಬೆಳಗಾದರೆ ಆ ಜನರ ಒಲೆ ಆರಿಸುತ್ತ ಓಡುವುದೂ ಆಗದು. ಒಂದು ಭಾನುವಾರ ನಡೆದುಕೊಂಡೇ ಗುಡ್ಡ ದಾಟಿ ಅಜ್ಜಿಯ ಅಂಗಳದಲ್ಲಿ ನಿಂತೆ.

"ಅಜ್ಜಿ, ನಾನು ಸುದ್ದಿ ತಂದಿಲ್ಲ ಅಂತ ನಿಮಗೆ ಗೊತ್ತಾಗೋ ಹಾಗೆ ಎಂತ ಮಾಡ್ಲಿ ಹೇಳಿ. ಓಡೋದು ಬಿಡು ಅಂತ ಮಾತ್ರ ಹೇಳಬೇಡಿ."

ಅಜ್ಜಿ ನನ್ನನ್ನೂ ನನ್ನ ಶೂವನ್ನೂ ನೋಡಿದರು. "ಎಂತ ಹಟವೇ ನಿಂದು! ಆಸ್ರಿಗೆ ಕುಡೀತ್ಯಾ?" ಎಂದು ಒಳಗಿನಿಂದ ನೀರು, ಬೆಲ್ಲ ತಂದರು. ಕುಡಿದೆ. ಅವರು ಕಣ್ಣು ಕಿರಿದು ಮಾಡಿ ನಕ್ಕರು. "ಆತಲ, ಇಷ್ಟೇಯ. ಸಾವಿನ ಸುದ್ದಿ ತಂದವ ನೀರು ಕುಡಿತ್ನಿಲ್ಲೆ."

ಹೀಗೆ ನಮ್ಮ ಕರಾರು ಆಯಿತು. ಇಳಿಜಾರು ಮುಗಿದು ಕಾಲಿಗೆ ಒಳ್ಳೆಯ ಓಟ ಹತ್ತಿದಲ್ಲೇ ನಾನು ನಿಲ್ಲಬೇಕು, ಬೆಲ್ಲ ಕಚ್ಚಿ ನೀರು ಕುಡಿಯಬೇಕು. ಕುಡಿದದ್ದನ್ನು ಕಣ್ಣಾರೆ ಕಂಡ ಮೇಲೆ ಅಜ್ಜಿ ಕೊಳ್ಳದ ಕಡೆ ಮುಖ ಮಾಡಿ ಕೂ ಹಾಕುತ್ತಿದ್ದರು: "ಅಕ್ಕೋರು ನೀರು ಕುಡದ್ರೋ!" ಮುಂದಿನ ಮನೆಯವರು ಅದರ ಮುಂದಿನ ಮನೆಗೆ ದಾಟಿಸುತ್ತಿದ್ದರು. ಮೊದಮೊದಲು ನಡುವೆ ನಿಲ್ಲುವುದು ಸಿಟ್ಟು ತರಿಸುತ್ತಿತ್ತು. ಹೊಟ್ಟೆಯಲ್ಲಿ ನೀರು ಕುಲುಕಿ ಪಕ್ಕೆ ಹಿಡಿಯುತ್ತಿತ್ತು. ಗುಟುಕಿನ ಲೆಕ್ಕ ಕಡಿಮೆ ಮಾಡಿಸಲು ಚೌಕಾಸಿ ಮಾಡಿದೆ. "ನಾಕು ಗುಟುಕು ಕುಡ್ದ್ರೆ ಸಾಯ್ತ್ಯಾ ಎಂತ?" ಎಂದು ಬೈಸಿಕೊಂಡೆ.

ಇನ್ನೊಂದು ಮಾತನ್ನೂ ಬಿಡದೆ ಹೇಳಬೇಕು. ಅವರು ತೋಟದ ಮನೆಯವರು, ನಾವು ಗದ್ದೆಯವರು. ಆರಂಭದಲ್ಲಿ ಅಜ್ಜಿ ಮೇಲಿನಿಂದ ನನ್ನ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಯಾವಾಗಲೋ ಒಂದು ದಿನ ಚೆಂಬು ನನ್ನ ಕೈಗೇ ಬಂತು.

ವರ್ಷಗಳು ಹೋದವು. ಕ್ಯಾನ್ವಾಸ್ ಶೂ ಸವೆದು ಹೊಸತು ಬಂತು. ರಜೆಯಲ್ಲಿ ಸೋಂದಾ ಕಡೆಯ ಕಾಡುದಾರಿಗಳಲ್ಲೂ ಓಡಿದೆ, ಆದರೆ ಈ ಗುಡ್ಡದ ಹಾಗೆ ಯಾವುದೂ ಕಾಲಿಗೆ ಒಗ್ಗಲಿಲ್ಲ. ಕೇರಿಗೆ ಗುಡ್ಡ ಸುತ್ತಿ ಬರುವ ಜೀಪಿನ ದಾರಿ ಬಂತು, ಟೆಲಿಫೋನು ಬಂತು. ಸಾವಿನ ಸುದ್ದಿ ಈಗ ತಂತಿಯಲ್ಲಿ ಬರುತ್ತಿತ್ತು. ಆದರೂ ಅಜ್ಜಿ ಚೆಂಬು ಇಡುವುದನ್ನು ಬಿಡಲಿಲ್ಲ, ನಾನು ನಿಲ್ಲುವುದನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಲೇಸು ಕಟ್ಟುತ್ತಿದ್ದೆ. ಬಸ್ ಸ್ಟಾಪಿನ ಎಸ್‌ಟಿಡಿ ಬೂತಿನವನು ಓಡಿ ಬಂದ. ಅಜ್ಜಿಯ ತಮ್ಮ ಸಿದ್ದಾಪುರ ತಾಲೂಕಿನ ಬಿಳಗಿಯಲ್ಲಿ ಇದ್ದವರು. ನಸುಕಿಗೆ ತೀರಿಕೊಂಡರೆಂದು ಅಲ್ಲಿಂದ ಫೋನು ಬಂದಿದೆ. ಮರ ಬಿದ್ದು ಕೇರಿಯ ಲೈನು ಸತ್ತಿದೆ. ಊರಿನ ಜೀಪು ಪೇಟೆಗೆ ಹೋಗಿದೆ.

"ಅಕ್ಕೋರೆ, ಹೆಂಗೂ ನೀವು ಅತ್ಲಾಗೇ ಓಡ್ತೀರಿ. ಒಂದು ಓಟ ಹೋಗಿ ಹೇಳಿಬಿಡಿ."

ಹೋಗಲೇಬೇಕು, ಅದರಲ್ಲಿ ಎರಡು ಮಾತಿರಲಿಲ್ಲ. ಆದರೆ ಲೇಸು ಹಿಡಿದ ಕೈ ಅಲ್ಲೇ ನಿಂತಿತು. ಇವತ್ತು ಓಡಿಕೊಂಡು ಹೋದರೆ, ನಾಳೆ ನನ್ನ ಹೆಜ್ಜೆಯ ಸದ್ದು ಸಂಕದ ಮೇಲೆ ಕೇಳಿದಾಗ ಅಜ್ಜಿಯ ಎದೆ ಏನಾಗಬೇಕು? ಇಷ್ಟು ವರ್ಷ ಗುಟುಕು ಗುಟುಕಾಗಿ ನಂಬಿಸಿದ್ದು ಒಂದೇ ಬೆಳಿಗ್ಗೆ ಹೋಗುತ್ತದೆ. ಶೂ ಬಿಚ್ಚಿ ಚಪ್ಪಲಿ ಹಾಕಿಕೊಂಡೆ.

"ಇದೆಂತ ಅಕ್ಕೋರೆ? ಓಡೂದಿಲ್ವಾ?"

"ನಡೀತೇನೆ."

"ಹೊತ್ತಾಗ್ತದೆ!"

"ಆಗ್ಲಿ. ಲೈನ್‌ಮನ್ನಿಗೆ ಹೇಳಿ, ಪೇಟೆಯ ಅಂಗಡಿಗೆ ಫೋನ್ ಮಾಡಿ ಜೀಪಿನವನಿಗೆ ನೇರ ಕೇರಿಗೇ ಬರಲು ಹೇಳಿಸಿ. ನಾನು ಹೇಳೋದ್ರೊಳಗೆ ಅವ ಬರ್ತಾನೆ."

ಬಿರುಸಾಗಿಯೇ ನಡೆದೆ, ಆದರೆ ನಡೆದೆ. ನೆತ್ತಿಯಿಂದ ಇಳಿಯುವಾಗ ಕಾಲು ತಾನಾಗಿ ಓಟಕ್ಕೆ ಬೀಳುತ್ತಿತ್ತು. ಪ್ರತಿ ತಿರುವಿನಲ್ಲೂ ಗಿಡದ ಟೊಂಗೆ ಹಿಡಿದು ತಡೆದುಕೊಂಡೆ. ಅಷ್ಟು ಕಷ್ಟದ ಇಳಿಜಾರನ್ನು ನಾನು ಯಾವತ್ತೂ ಇಳಿದಿರಲಿಲ್ಲ. ಸಂಕದ ಮೇಲೆ ಸದ್ದಾಗದಂತೆ ಹೆಜ್ಜೆ ಇಟ್ಟೆ.

ಅಜ್ಜಿ ಚೆಂಬು ಹಿಡಿದು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದರು. "ಇವತ್ತೆಂತ, ಓಟ ಇಲ್ಲೆ? ಕಾಲು ಉಳುಕ್ತನೇ?" ಎನ್ನುತ್ತ ಚೆಂಬು ಚಾಚಿದರು.

ನಾನು ಅಂಗಳದ ನಡುವೆ ನಿಂತೆ. ಕೈ ಚಾಚಲಿಲ್ಲ.

ಅವರು ನನ್ನ ಚಪ್ಪಲಿ ನೋಡಿದರು, ಮುಖ ನೋಡಿದರು. ಚೆಂಬನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟರು.

"ಯಾರು?"

ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತರು. ಒಳಗಿನಿಂದ ಮಗ, ಸೊಸೆ ಬಂದರು. ನಾನು ಜಗಲಿ ಹತ್ತಲಿಲ್ಲ. ಜೀಪಿನ ಸದ್ದು ಕೇಳುವವರೆಗೆ ಅಂಗಳದಲ್ಲೇ ನಿಂತಿದ್ದೆ. ಜೀಪು ಹತ್ತುವ ಮುಂಚೆ ಅಜ್ಜಿ ನನ್ನ ಹತ್ತಿರ ಬಂದು ಕೇಳಿದರು: "ಗುಡ್ಡ ಪೂರ್ತಿ ನಡದ್ಯಾ?"

"ಹೌದು."

ಅವರು ತಲೆಯಾಡಿಸಿದರು.

ಅವರ ಸೂತಕ ಕಳೆಯುವವರೆಗೆ ಆ ಕಡೆ ಹೋಗಲಿಲ್ಲ. ಕಳೆದ ಮೇಲೆ ಶೂ ಕಟ್ಟಿದೆ. ಗುಡ್ಡ ಹತ್ತುವಾಗ ಅಳುಕಿತ್ತು. ಅಜ್ಜಿ ಬೇಡವೆಂದರೆ ಏನು ಮಾಡುವುದು ಎಂದು ಯೋಚಿಸಿದೆ. ಆದರೂ ವೇಗ ಇಳಿಸಲಿಲ್ಲ. ಸಂಕವನ್ನು ದಡದಡನೆ, ಬೇಕೆಂದೇ ಜೋರಾಗಿ, ದಾಟಿದೆ.

ಮೆಟ್ಟಿಲ ಮೇಲೆ ಚೆಂಬಿತ್ತು. ಅಜ್ಜಿ ಅಂಗಳದಲ್ಲಿ ಅಡಿಕೆ ಸಿಪ್ಪೆ ಗುಡಿಸುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿದರು.

"ಸದ್ದು ಕೇಳ್ತು. ಓಡ್ತಾ ಇದ್ದೆ ನೀನು, ಸುದ್ದಿ ಎಂತದೂ ಇಲ್ಲೆ ಅಂತ ಗೊತ್ತಾತು. ಕುಡಿ ಮದ್ಲು."

ಅವತ್ತು ಗುಟುಕಿನ ಚೌಕಾಸಿ ಮಾಡಲಿಲ್ಲ. ಚೆಂಬು ಖಾಲಿ ಮಾಡಿ ಕೊಟ್ಟೆ. ಅಜ್ಜಿಯ ಕೂ ಎದ್ದಿತು, ಹಿಂದಿನಷ್ಟು ಗಟ್ಟಿಯಲ್ಲ, ಆದರೂ ಮುಂದಿನ ಮನೆಗೆ ಸಾಕಾಗುವಷ್ಟು. ಪಕ್ಕೆ ಹಿಡಿಯುತ್ತದೆಂದು ಗೊತ್ತಿದ್ದೂ ನಾನು ಕೇರಿಯ ಕೊನೆಯವರೆಗೆ ಓಡಿದೆ.