ವಿಭೂತಿ ಗಟ್ಟಿ ಮತ್ತು ನಾರ್ಮಲ್ ರಿಪೋರ್ಟು

ನಮ್ಮ ದೇವರ ಮನೆಯಲ್ಲಿ ವಿಭೂತಿ ಗಟ್ಟಿಗಳು ಮಾಯವಾಗುತ್ತಿದ್ದವು. ಅತ್ತೆ ಶಿರಹಟ್ಟಿಯಿಂದ ತಂದಿಟ್ಟ ಒಂದು ಗಟ್ಟಿ ಮೊದಲೆಲ್ಲ ಮೂರು ತಿಂಗಳು ಬರುತ್ತಿತ್ತು. ಈಗ ವಾರಕ್ಕೊಂದು ಖಲಾಸ್.

ಅತ್ತೆಗೆ ಅನುಮಾನ ಬರಲಿಲ್ಲ, ಹೆಮ್ಮೆ ಬಂತು. "ನಮ್ಮ ಸೊಸಿಗೆ ಈಗೀಗ ಭಕ್ತಿ ಭಾಳ ಆಗೇತ್ರಿ. ದಿನಕ್ಕ ಹತ್ತು ಸಲ ದೇವರ ಮನಿಗೆ ಹೋಗ್ತಾಳ" ಎಂದು ಓಣಿ ತುಂಬ ಹೇಳಿಕೊಂಡು ಬಂದರು.

ಭಕ್ತಿಯೂ ಇಲ್ಲ, ಏನೂ ಇಲ್ಲ. ನಾನು ಅದನ್ನು ತಿನ್ನುತ್ತಿದ್ದೆ.

ಹೌದು, ತಿನ್ನುತ್ತಿದ್ದೆ. ಮೂಲೆ ಮುರಿದು ಬಾಯಿಗೆ ಹಾಕಿಕೊಂಡರೆ ನಾಲಿಗೆಗೆ ಅಂಟಿ ಮೆಲ್ಲಗೆ ಕರಗುತ್ತಿತ್ತಲ್ಲ, ಆ ಸುಖ ನನಗೆ ಯಾವ ಹೋಳಿಗೆಯಲ್ಲೂ ಸಿಕ್ಕಿಲ್ಲ. (ದೇವರೇ, ನೀನೂ ಈ ಅಂಕಣ ಓದುತ್ತಿದ್ದರೆ ಕ್ಷಮಿಸಿಬಿಡು.) ನಲವತ್ತಮೂರರ ಹೆಂಗಸು, ಕಳ್ಳಬೆಕ್ಕಿನಂತೆ ದೇವರ ಮನೆಗೆ ನುಗ್ಗುವುದೆಂದರೇನು? ಯಾರ ಮುಂದೆ ಹೇಳಿಕೊಳ್ಳಲಿ?

ಜೊತೆಗೆ ವಿಪರೀತ ಸುಸ್ತು. ಒಂದು ಕೊಡ ನೀರು ಎತ್ತಿದರೆ ಏದುಸಿರು. ರೊಟ್ಟಿ ಬಡಿಯುವಾಗ ಕಣ್ಣಿಗೆ ಕತ್ತಲೆ.

ಹಳೆಯ ಓದುಗರಿಗೆ ಗೊತ್ತಿದೆ, ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಹನ್ನೊಂದು ವರ್ಷದಿಂದ ಎಚ್‌ಐವಿ ಜೊತೆ ಸಂಸಾರ ಮಾಡುತ್ತಿರುವವಳು. ದಿನಕ್ಕೊಂದು ಗುಳಿಗೆ ನುಂಗುತ್ತೇನೆ. ಅದು ತನ್ನ ಪಾಡಿಗೆ, ನಾನು ನನ್ನ ಪಾಡಿಗೆ. ಗಂಡನಿಗೂ ಅತ್ತೆಗೂ ಗೊತ್ತು, ಓಣಿಗೆ ಗೊತ್ತಿಲ್ಲ. (ಅಂಕಣದ ಮೇಲಿರುವ ಹೆಸರು ನನ್ನದಲ್ಲ. ಲಕ್ಷ್ಮೇಶ್ವರ ಅಷ್ಟೇನೂ ದೊಡ್ಡ ಊರಲ್ಲ.)

ಮೊದಲು ತೋರಿಸಿದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಆದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಮಾತ್ರ ನಾರ್ಮಲ್.

"ಕಬ್ಬಿಣ ಬೇಕಾದಷ್ಟು ಐತ್ರಿ. ಇದು ನಿಮ್ಮ ಆ ಜಡ್ಡಿಂದಾನ ಆಗಿರಬೇಕು. ಗುಳಿಗಿ ಕೆಲಸ ಮಾಡವಲ್ದೋ ಏನೋ" ಎಂದು ಅವರು ಫೈಲು ಮುಚ್ಚಿದರು.

ಆ ಒಂದು 'ಏನೋ' ನನ್ನ ಜೀವ ಹಿಂಡಿಬಿಟ್ಟಿತು. ಗುಳಿಗೆ ಸೋತಿತೇ? ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿಲ್ಲವಲ್ಲ! ನನಗೆ ನಿಜವಾಗಿ ಹೆದರಿಕೆಯಾಯಿತು. ಮಗಳ ಹತ್ತನೇ ಕ್ಲಾಸು ಮುಗಿಯುವವರೆಗಾದರೂ ಇರುತ್ತೇನೋ ಇಲ್ಲವೋ ಎಂದು ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತು, ಮುಖ ತೊಳೆದು, ಸೀದಾ ಹೋಗಿ ಇನ್ನೊಂದು ಚೂರು ವಿಭೂತಿ ತಿಂದೆ.

ಕೊನೆಗೆ ಅತ್ತೆಯೇ ಎಬ್ಬಿಸಿಕೊಂಡು ಗದಗಿಗೆ ಕರೆದುಕೊಂಡು ಹೋದರು. ಅಲ್ಲೊಬ್ಬರು ಲೇಡಿ ಡಾಕ್ಟರು, ನನಗಿಂತ ಚಿಕ್ಕವರು. ಫೈಲಿನ ಒಂದೊಂದೇ ಹಾಳೆ ತಿರುವಿದರು. ಮುಟ್ಟು ಹೇಗಿದೆ, ಎಷ್ಟು ದಿನ ಎಂದೆಲ್ಲ ಕೇಳಿದರು. (ಜಾಸ್ತಿ, ಒಂದು ವರ್ಷದಿಂದ. ಮೊದಲಿನವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.) ಆಮೇಲೆ ಕೇಳಿದರು ನೋಡಿ:

"ಮಣ್ಣು, ಸುಣ್ಣ, ಹಸಿ ಅಕ್ಕಿ, ಇಂಥಾದ್ದೇನರ ತಿನ್ನಬೇಕು ಅನಸ್ತೈತೇನ್ರಿ?"

"ಇಲ್ರಿ ಮೇಡಂ" ಎಂದೆ. ಪಕ್ಕದಲ್ಲಿ ಅತ್ತೆ ಕುಳಿತಿರುವಾಗ ಮತ್ತೇನು ಹೇಳಲಿ?

ಅತ್ತೆ ನನ್ನ ಮಾನ ಕಾಯಲು ಮುಂದೆ ಬಂದರು. "ನಮ್ಮ ಸೊಸಿ ಅಂಥಾಕಿ ಅಲ್ರಿ ಅಕ್ಕಾರ. ಭಾಳ ದೈವಭಕ್ತಿ. ವಾರಕ್ಕೊಂದು ವಿಭೂತಿ ಗಟ್ಟಿ ಬೇಕು ಆಕಿಗೆ."

ಡಾಕ್ಟರ ಪೆನ್ನು ನಿಂತಿತು. ನನ್ನ ಹಣೆಯನ್ನೇ ನೋಡಿದರು.

"ವಾರಕ್ಕೊಂದು ಗಟ್ಟಿ ಅಂತೀರಿ. ಹಣಿ ಮ್ಯಾಲ ಒಂದು ಗೆರಿನೂ ಇಲ್ಲಲ್ರಿ?"

ಅತ್ತೆ ನನ್ನ ಹಣೆ ನೋಡಿದರು. ನಾನು ನೆಲ ನೋಡಿದೆ. ಮೊದಲು ನಕ್ಕವರು ಅತ್ತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಲೇ, ನಾನು ಓಣಿ ತುಂಬ ಹೇಳೇನಲ್ಲಲೇ" ಎಂದರು.

ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಹೀಗೆ ಬೂದಿ, ಮಣ್ಣು ತಿನ್ನುವ ಚಪಲ ಹುಟ್ಟುತ್ತದಂತೆ. ಹಾಗಾದರೆ ಫೆರಿಟಿನ್ ನಾರ್ಮಲ್ ಯಾಕೆ?

"ಜ್ವರ ಬಂದಾಗ ಮುಖ ಕೆಂಪಗ ಕಾಣತೈತಲ್ರಿ? ಅದನ್ನ ನೋಡಿ ಆರೋಗ್ಯ ಚೊಲೋ ಐತಿ ಅಂತೀವೇನು?" ಎಂದರು ಡಾಕ್ಟರು. "ಎಚ್‌ಐವಿ ಇದ್ದವರಿಗೆ, ವೈರಸ್ ಹಿಡಿತದಾಗಿದ್ರೂ, ಮೈಯೊಳಗ ಒಮ್ಮೊಮ್ಮೆ ಸಣ್ಣ ಉರಿಯೂತ ಇರತೈತಿ. ಆವಾಗ ಫೆರಿಟಿನ್ ತಾನ ಏರತೈತಿ. ಒಳಗ ಕಬ್ಬಿಣ ಇಲ್ಲದಿದ್ರೂ ನಾರ್ಮಲ್ ಅಂತ ತೋರಸ್ತೈತಿ. ಅದೊಂದನ್ನ ನಂಬಾಕ ಬರಂಗಿಲ್ಲ."

ಉರಿಯೂತ ಇದೆಯೇ ಎಂದು ನೋಡುವ ಟೆಸ್ಟು, ರಕ್ತದಲ್ಲಿ ನಿಜಕ್ಕೂ ಓಡಾಡುವ ಕಬ್ಬಿಣ ಎಷ್ಟೆಂದು ನೋಡುವ ಟೆಸ್ಟು, ವೈರಸ್ ಎಷ್ಟಿದೆಯೆಂದು ನೋಡುವ ವೈರಲ್ ಲೋಡು, ಎಲ್ಲ ಬರೆದುಕೊಟ್ಟರು. ರಿಪೋರ್ಟು ಬಂದಾಗ ಮತ್ತೆ ಇಬ್ಬರೂ ಹೋದೆವು. ಉರಿಯೂತ ಇತ್ತು. ಕಬ್ಬಿಣ ತಳ ಕಂಡಿತ್ತು. ವೈರಸ್ಸು ಮಾತ್ರ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗುಳಿಗೆ ಸೋತಿರಲಿಲ್ಲ!

ಕಬ್ಬಿಣದ ಗುಳಿಗೆ ಶುರುವಾಯಿತು. (ಅದಕ್ಕೂ ಎಚ್‌ಐವಿ ಗುಳಿಗೆಗೂ ಎಷ್ಟು ಅಂತರವಿರಬೇಕೆಂದು ಡಾಕ್ಟರನ್ನೇ ಕೇಳಿ, ನನ್ನ ಅಂಕಣ ಓದಿ ನುಂಗಬೇಡಿ.) ಮುಟ್ಟಿನ ಸಮಸ್ಯೆಗೆ ಬೇರೆ ಡಾಕ್ಟರ ಚೀಟಿಯೂ ಸಿಕ್ಕಿತು. ನಾನು ಮಾತ್ರ ನೆಲದ ಮೇಲೆ ಇರಲಿಲ್ಲ. ರಕ್ತ ಕಡಿಮೆ ಇದೆಯೆಂದು ತಿಳಿದು ಕುಣಿದಾಡಿದವರನ್ನು ಎಲ್ಲಾದರೂ ನೋಡಿದ್ದೀರಾ?

ವಾಪಸು ಬಸ್ಸಿನಲ್ಲಿ ಅತ್ತೆಗೆ ಮುಂದೆಲ್ಲೋ ಸೀಟು ಸಿಕ್ಕಿತು. ನನ್ನ ಪಕ್ಕ ಕುಳಿತವಳು ಬಾಳೆಹೊಸೂರಿನ ಹೆಂಗಸು. "ಎಲ್ಲಿಗೆ ಹೋಗಿದ್ರಿ?" ಎಂದಳು.

"ದವಾಖಾನಿಗ್ರಿ. ನನಗ ರಕ್ತ ಕಡಿಮಿ ಐತ್ರಿ" ಎಂದೆ, ಡ್ರೈವರಿಗೂ ಕೇಳಿಸುವಂತೆ. ಹನ್ನೊಂದು ವರ್ಷದಲ್ಲಿ ನನ್ನದೊಂದು ಜಡ್ಡಿನ ಹೆಸರನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅಬ್ಬಾ, ಎಂಥ ಹಗುರ!

ಬಸ್ಸಿಗೆ ಬಸ್ಸೇ ನನ್ನ ಡಾಕ್ಟರಾಯಿತು. ಹಿಂದಿನವಳು ನುಗ್ಗೆಸೊಪ್ಪು ಎಂದಳು, ಮುಂದಿನ ಅಜ್ಜ ಬೀಟ್‌ರೂಟ್ ಎಂದ. ಬಾಳೆಹೊಸೂರಿನವಳು ಬುತ್ತಿ ಬಿಚ್ಚಿ, ತಾನು ಅರ್ಧ ಕಚ್ಚಿದ್ದ ಶೇಂಗಾ ಉಂಡಿಯ ಇನ್ನರ್ಧವನ್ನು ಮುರಿದು, "ತಿನ್ರಿ, ಬೆಲ್ಲ ಶೇಂಗಾ ರಕ್ತಕ್ಕ ಚೊಲೋ" ಎಂದು ನನ್ನ ಕೈಯಲ್ಲಿಟ್ಟಳು.

ನನ್ನ ಇನ್ನೊಂದು ಜಡ್ಡಿನ ಹೆಸರನ್ನೂ ಅದೇ ದನಿಯಲ್ಲಿ ಹೇಳಿದ್ದರೆ, ಆ ಉಂಡಿ ನನ್ನ ಕೈಗೆ ಬರುತ್ತಿತ್ತೇ?