ಬಿಸಿ ಇಂಜಿನ್, ಅಕ್ಕನ ಸೀಟು

ನನ್ನ ಭಾವ ಸ್ವಂತ ಕೈಯಿಂದ ವಿಮಾನ ಕಟ್ಟುತ್ತಿದ್ದಾರೆ ಅಂದರೆ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ. ಲಿಫ್ಟ್‌ನಲ್ಲಿ ಸಿಕ್ಕವರು "ಅಂಕಲ್, ಹೆಲಿಕಾಪ್ಟರ್ ಕಬ್ ಉಡೇಗಾ?" ಎಂದು, ಅದು ಯಾವಾಗ ಹಾರುತ್ತದೆಂದು ಕೇಳಿ ನಗುತ್ತಿದ್ದರು. ಭಾವ ತಾವೂ ನಗುತ್ತಿದ್ದರು. ಮೈ ಉರಿಯುತ್ತಿದ್ದದ್ದು ನನಗೆ.

ಅವರು ನೌಕರಿಯುದ್ದಕ್ಕೂ ಏರ್‌ಪೋರ್ಟಿನಲ್ಲಿ ಬೇರೆಯವರ ವಿಮಾನಗಳನ್ನು ರಿಪೇರಿ ಮಾಡಿದವರು. ರಿಟೈರ್ ಆದ ಮೇಲೆ ಫ್ಲೈಯಿಂಗ್ ಕ್ಲಬ್ ಸೇರಿ ಹಾರಿಸಲು ಕಲಿತರು, ಬೊರಿವಲಿಯಲ್ಲಿ ಒಂದು ಶೆಡ್ ಹಿಡಿದು ಎರಡು ಸೀಟಿನ ಪುಟ್ಟ ವಿಮಾನಕ್ಕೆ ಕೈ ಹಾಕಿದರು. ಇಂಜಿನ್ ಹಳೆಯ ಜಪಾನಿ ಕಾರಿನದು, ರೋಟರಿ. ಅದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇರುವುದಿಲ್ಲ. ಮೂರು ಮೂಲೆಯ ರೋಟರ್‌ಗಳು ಗೂಡಿನೊಳಗೆ ಸುತ್ತುತ್ತವೆ. ಕಾರಿನ ಇಂಜಿನ್‌ಗಳ ನಡುವೆಯೇ ತಲೆ ನರೆತ ನಾನು ಪ್ರತಿ ಭಾನುವಾರ ಅವರ ಜೊತೆ ಲೋಕಲ್ ರೈಲು ಹತ್ತುತ್ತಿದ್ದೆ.

ಎರಡನೆಯ ಸೀಟು ಅಕ್ಕನಿಗೆಂದೇ ಇತ್ತು. ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಇದಕ್ಕೆ ಮದ್ದಿಲ್ಲ, ನೋಡಬೇಕಾದ್ದನ್ನು ಬೇಗ ನೋಡಿಬಿಡಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಕ್ಕ ಕಾಶಿ, ಬದರಿ ಯಾವುದನ್ನೂ ಕೇಳಲಿಲ್ಲ. "ರೀ, ನೀವು ವಿಮಾನ ಓಡಿಸೋದನ್ನ ಪಕ್ಕದಲ್ಲಿ ಕೂತು ನೋಡಬೇಕು ಕಣ್ರೀ. ಅಷ್ಟೇ ಸಾಕು" ಅಂದಳು. ಆವತ್ತಿನಿಂದ ಭಾವ ಮಧ್ಯಾಹ್ನದ ನಿದ್ದೆ ಬಿಟ್ಟರು.

ಇಂಜಿನ್ ಕೂರಿಸಿದ ಮೇಲೆ ಭಾನುವಾರಗಳಿಗೆ ಒಂದು ಕ್ರಮ ಬಂತು. ಅಕ್ಕ ಇಂಜಿನ್‌ಗೆ ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ ಎತ್ತುವಳು. ಭಾವ ಕೀಲಿ ತಿರುಗಿಸುವರು. ಮೊದಲ ತಿರುವಿಗೇ ಇಂಜಿನ್ ಹತ್ತಿಕೊಂಡು ಸೊಗಸಾಗಿ ಓಡುತ್ತಿತ್ತು. ಮೀಟರುಗಳನ್ನೆಲ್ಲ ನೋಡಿಕೊಂಡು, ತೃಪ್ತಿಯಾದ ಮೇಲೆ ಆರಿಸಿ, ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನುತ್ತಿದ್ದೆವು. ಆರತಿ ಎತ್ತಿ ಓಡಿಸಿದ ಯಂತ್ರವನ್ನು ಆರಿಸಿದ ಮೇಲೆ ಆ ದಿನ ಮತ್ತೆ ಕೆಣಕಬಾರದು ಎಂಬುದು ಅಕ್ಕನ ನಿಯಮ. ಯಾವ ಶಾಸ್ತ್ರದಲ್ಲಿದೆಯೋ ದೇವರೇ ಬಲ್ಲ. ಬೇರೆಯವರ ವಿಮಾನದಲ್ಲಿ ಒಂದು ತಿರುಪನ್ನೂ ನಂಬದೆ ಮುಟ್ಟಿ ನೋಡುತ್ತಿದ್ದ ಭಾವ, ತಮ್ಮ ವಿಮಾನದ ವಿಷಯದಲ್ಲಿ ಹೆಂಡತಿಯ ಮಾತಿಗೆ ಗೋಣು ಹಾಕಿದರು. ಹೀಗಾಗಿ ಆ ಇಂಜಿನ್ ಪ್ರತಿ ಸಲವೂ ತಣ್ಣಗಿದ್ದಾಗಲೇ ಸ್ಟಾರ್ಟ್ ಆಗುತ್ತಿತ್ತು. ಅದು ನಮಗೆ ಹೊಳೆಯಲೇ ಇಲ್ಲ.

ವಿಮಾನವನ್ನು ಬಿಚ್ಚಿ ಲಾರಿಯಲ್ಲಿ ಘಟ್ಟದಾಚೆಯ ರನ್‌ವೇಗೆ ಸಾಗಿಸುವುದು ಹತ್ತಿರ ಬಂದಿತ್ತು. ಆ ಭಾನುವಾರ ಅಕ್ಕನಿಗೆ ನೆಗಡಿ. ಶೆಡ್ಡಿಗೆ ಬಂದವರು ನಾವಿಬ್ಬರೇ. ಎಂದಿನಂತೆ ಇಂಜಿನ್ ಓಡಿಸಿ ಆರಿಸಿ ಆಗಿತ್ತು. ಊಟಕ್ಕೆ ಕೂರುವ ಮೊದಲು ನಾನಂದೆ, "ಭಾವ, ಇನ್ನೊಂದು ಸಲ ಸ್ಟಾರ್ಟ್ ಮಾಡಿ."

"ನಿಮ್ಮಕ್ಕ ಬೈತಾಳೆ ಕಣೋ."

"ಆಕಾಶದಲ್ಲಿ ಇಂಜಿನ್ ಬಂದ್ ಆದರೆ ಆರತಿ ತಟ್ಟೆ ಎಲ್ಲಿಂದ ತರ್ತೀರಿ?"

ಅವರು ಕೀಲಿ ತಿರುಗಿಸಿದರು. ಇಂಜಿನ್ ಸುಮ್ಮನೆ ಸುತ್ತಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದರೂ ಅದೇ. ಬಿಸಿಗೆ ಪೆಟ್ರೋಲ್ ಆವಿಯಾಗಿರಬೇಕೆಂದು ಪೈಪಿಗೆ ಒದ್ದೆ ಬಟ್ಟೆ ಸುತ್ತಿದೆವು. ಪ್ಲಗ್ ಬದಲಿಸಿದೆವು. ಬೇರೆ ಬ್ಯಾಟರಿ ಜೋಡಿಸಿದೆವು. ಕೊನೆಗೆ ಪ್ಲಗ್‌ಗಳನ್ನು ಕಳಚಿ ಬರಿದೇ ಸುತ್ತಿಸಿ ಕಿವಿಗೊಟ್ಟೆ. ಮುಂದಿನ ರೋಟರ್, ತನ್ನ ಮೂರು ಬದಿಯ ಮೂರು ಕೋಣೆಗಳಿಂದ, ಮೂರು ಸಲವೂ ಒಂದೇ ಸಮ ಗಾಳಿ ಉಗುಳಿತು. ಹಿಂದಿನದು ಒಂದು ಸಲ ಗಟ್ಟಿಯಾಗಿ, ಎರಡು ಸಲ ಸಪ್ಪಗೆ. ಮೂಲೆಯ ಸೀಲೊಂದು ಸವೆದಿದೆ. ಅದು ಎರಡು ಕೋಣೆಗಳ ನಡುವಿನ ಗೋಡೆಯಾದ್ದರಿಂದ ಎರಡರಲ್ಲೂ ಗಾಳಿ ನಿಲ್ಲುತ್ತಿಲ್ಲ. ತಣ್ಣಗಿದ್ದಾಗ ಮಂದವಾದ ಎಣ್ಣೆಯ ಜಿಡ್ಡು ಆ ಸಂದು ಮುಚ್ಚಿ ಹೇಗೋ ಮಾನ ಕಾಪಾಡುತ್ತಿತ್ತು. ನಾನು ಹೇಳುವ ಮೊದಲೇ ಭಾವನಿಗೆ ಅರ್ಥವಾಗಿತ್ತು.

ಇಂಜಿನ್ ಪೂರ್ತಿ ಬಿಚ್ಚಬೇಕು, ಸಾಮಾನು ಹೊರದೇಶದಿಂದ ಬರಬೇಕು, ಮತ್ತೆ ಕೂರಿಸಿ ಮೊದಲಿನಿಂದ ಪರೀಕ್ಷೆ ಮಾಡಬೇಕು. ಅಷ್ಟರೊಳಗೆ ಅಕ್ಕನ ಕಣ್ಣು ಕಾಯುವುದಿಲ್ಲ. ಭಾವ ಎರಡನೆಯ ಸೀಟಿನ ಅಂಚು ಹಿಡಿದುಕೊಂಡರು. "ಮೇಲೆ ಹೋದ್ಮೇಲೆ ನಾನ್ಯಾಕೆ ಆರಿಸ್ತೀನಿ? ಓಡ್ತಾ ಇರೋವಾಗ ಚೆನ್ನಾಗೇ ಇದೆಯಲ್ಲ" ಅಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ನೀನಾದ್ರೆ ನಿಮ್ಮಕ್ಕನ್ನ ಇದರಲ್ಲಿ ಕೂರಿಸ್ತೀಯಾ?"

ಇಲ್ಲ ಭಾವ, ಅಂದೆ. ಬದುಕಿನಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಆಡಿಲ್ಲ.

ಅಕ್ಕನಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅವಳು ಹುರುಳಿಕಾಯಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡಳು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದಳು. ಮುಂದಿನ ಮಳೆಗಾಲ ದಾಟುತ್ತದೆ ಅಂದೆ. ಕಾಯಿ ಮುರಿಯುವ ಕೈ ನಿಂತಿತು. ಭಾವ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತಿದ್ದರು.

"ಬಿಚ್ಚಿ" ಅಂದಳು ಅಕ್ಕ, ಅವರ ಕಡೆ ತಿರುಗಿ. "ನಾಳೇನೇ ಬಿಚ್ಚಿ. ನಾನೂ ಬರ್ತೀನಿ."

ಬೊರಿವಲಿಯಲ್ಲಿ ನಾವು ಇಂಜಿನ್ ಇಳಿಸಿ ಒಂದೊಂದೇ ಪದರ ಕಳಚುವಷ್ಟೂ ಹೊತ್ತು ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಹಿಂದಿನ ರೋಟರ್ ಹೊರಬಂದಾಗ ಅದರ ಒಂದು ಮೂಲೆಯ ಸೀಲ್ ಬಿಲ್ಲಿನ ಹಾಗೆ ಬಾಗಿ ಸವೆದಿತ್ತು. "ಕೊಡಿ ಇಲ್ಲಿ" ಎಂದು ಆ ಭಾರದ ರೋಟರನ್ನು ಮಡಿಲಿಗೆ ಹಾಕಿಸಿಕೊಂಡಳು, ಸೀರೆಗೆಲ್ಲ ಎಣ್ಣೆಯಾಯಿತು. ಮುಖವನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದಳು.

"ಟಾರ್ಚ್ ಹಿಡೀರಿ" ಅಂದಳು ಭಾವನಿಗೆ. "ಇದನ್ನಾದ್ರೂ ಸರಿಯಾಗಿ ನೋಡ್ಕೋತೀನಿ."

ಭಾವ ಟಾರ್ಚ್ ಹಿಡಿದರು. ಬೆಳಕು ಒಂದೆಡೆ ನಿಲ್ಲಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಅಕ್ಕ ಸಾಕು ಅನ್ನುವವರೆಗೂ ಹಾಗೇ ನಿಂತಿದ್ದೆವು.