ಕೊಬ್ಬರಿ ಆರಿಸಿದ ಹಾಗೆ ಪುಸ್ತಕ

ಜೀವಿತಾ ಸಿಟ್ಟಿನ ಹುಡುಗಿಯಲ್ಲ. ನೊಣವಿನಕೆರೆಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ತಿಪಟೂರಿಗೆ ಬಂದು ಒಂದು ಖಾಸಗಿ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವಳನ್ನು ಅಲ್ಲಿ ಎಲ್ಲರೂ ‘ಬುಕ್ ಕೊಡೋ ಹುಡುಗಿ’ ಎನ್ನುತ್ತಿದ್ದರು. ನೇಮಕದ ಆರ್ಡರೂ ಕೈಗೆ ಬಂದಿರಲಿಲ್ಲ. ‘ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಬಂದು ಹೋಗಲಿ, ಆಮೇಲೆ ನೋಡೋಣ’ ಎಂದಿದ್ದರು. ಅದನ್ನೂ ನುಂಗಿಕೊಂಡಿದ್ದಳು.

ಏಳು ತಿಂಗಳು ಕೂತು, ಆರು ಸಾವಿರ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿ, ವಿಷಯಕ್ಕೆ ತಕ್ಕ ನಂಬರು ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಿ ಜೋಡಿಸಿದ್ದಳು. ಯಾವ ಪುಸ್ತಕ ಕೇಳಿದರೂ ಅರ್ಧ ನಿಮಿಷ ಸಾಕಿತ್ತು.

ಅಕ್ಕನ ಮಗುವಿನ ನಾಮಕರಣಕ್ಕೆಂದು ಚಿಕ್ಕನಾಯಕನಹಳ್ಳಿಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಎಲ್ಲ ಮಣ್ಣುಪಾಲು. ಕಾಲೇಜಿನ ಕಾರ್ಯದರ್ಶಿ ರೇಣುಕಪ್ರಸಾದ್ ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರಿ. ಸಮಿತಿಯವರು ನಾಳೆ ಬರುತ್ತಾರೆಂದು, ತಮ್ಮ ಮಂಡಿಯಲ್ಲಿ ಉಂಡೆ ಕೊಬ್ಬರಿಯನ್ನು ಗಾತ್ರ ನೋಡಿ ಆರಿಸುವ ಹೆಂಗಸರನ್ನು ಕರೆಸಿ, ಪುಸ್ತಕಗಳನ್ನೂ ಹಾಗೆಯೇ ಬೇರೆಬೇರೆ ಮಾಡಿಸಿಬಿಟ್ಟಿದ್ದರು. ದೊಡ್ಡವು ಒಂದು ಕಡೆ, ನಡುವಿನವು ಒಂದು ಕಡೆ, ಸಣ್ಣವು ಒಂದು ಕಡೆ. ಚೀಟಿ ಅಸಹ್ಯವಾಗಿ ಕಾಣುತ್ತದೆಂದು ಎಲ್ಲಕ್ಕೂ ಕಂದು ಕಾಗದದ ಹೊದಿಕೆ ಬೇರೆ! ಹೆಸರೂ ಇಲ್ಲ, ನಂಬರೂ ಇಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

“ಹೆಂಗೈತಮ್ಮ? ಕಣ್ಣಿಗೆ ಹಬ್ಬ ಅಲ್ವಾ!” ಎಂದರು ರೇಣುಕಪ್ರಸಾದ್.

ಜೀವಿತಾಳ ಮೈಯೆಲ್ಲ ಉರಿದುಹೋಯಿತು. ಗಣಿತವನ್ನೂ ಚರಿತ್ರೆಯನ್ನೂ ಅಳತೆ ನೋಡಿ ಒಂದೇ ಕಡೆ ತುಂಬುವುದೇ? ಇವರ ಕೊಬ್ಬರಿ ರಾಶಿಗೆ ಯಾರಾದರೂ ಹೀಗೆ ಕೈ ಹಾಕಿದ್ದರೆ ಸುಮ್ಮನಿರುತ್ತಿದ್ದರೇ?

“ಯಾರನ್ನ ಕೇಳಿ ಮುಟ್ಟಿಸಿದ್ರಿ ಸರ್?”

“ಪುಸ್ತಕ ಜೋಡ್ಸಕ್ಕೆ ಕೇಳೋದೇನೈತೆ? ಯಾರು ಬೇಕಾದ್ರೂ ಮಾಡ್ತಾರೆ, ಬುಡಮ್ಮ.”

ಮರುದಿನ ಸಮಿತಿಯ ಮೂವರು ಬಂದು, ಬಲು ಅಚ್ಚುಕಟ್ಟು ಎಂದು ತಲೆದೂಗಿ ಹೊರಟೇಬಿಟ್ಟರು. ಓದಿದವರೂ ಹೀಗೆಯೇ! ಜೀವಿತಾ ತಡೆದಳು.

“ಮೇಡಂ, ಯಾವ್ದಾದ್ರೂ ಒಂದು ಪುಸ್ತಕ ಕೇಳಿ.”

ಹಿರಿಯ ಸದಸ್ಯೆ ಸಹಕಾರ ಸಂಘಗಳ ಮೇಲೆ ಒಂದು ಪುಸ್ತಕ ಕೇಳಿದರು. ರೇಣುಕಪ್ರಸಾದ್ ಅವಳತ್ತ ಕಣ್ಣುಸನ್ನೆ ಮಾಡಿದರು. ಅವಳು ಕದಲಲಿಲ್ಲ.

“ಯಾರು ಬೇಕಾದ್ರೂ ಮಾಡ್ತಾರೆ ಅಂದ್ರಲ್ಲ ಸರ್, ನೀವೇ ತೆಗೀರಿ.”

ಅವರು ಹತ್ತು ನಿಮಿಷ ಬೆವರು ಸುರಿಸಿಕೊಂಡು ಹೊದಿಕೆ ಹರಿದರು. ಸಿಕ್ಕಿದ್ದು ರಸಾಯನಶಾಸ್ತ್ರ.

ತಿಂಗಳೊಳಗೆ ವರದಿ ಬಂತು: ತರಬೇತಿ ಪಡೆದ ಗ್ರಂಥಪಾಲಕರನ್ನು ಕೂಡಲೇ ನೇಮಿಸಬೇಕು. ರೇಣುಕಪ್ರಸಾದ್ ಅವಳನ್ನು ತಮ್ಮ ಕೋಣೆಗೆ ಕರೆಸಿ ಅದನ್ನು ಮುಂದೆ ಎಸೆದರು.

“ನಿನ್ನಿಂದ ಮರ್ಯಾದೆ ಹೋಯ್ತು. ಅಂಥೋರ್ನ ಈಗ ಎಲ್ಲಿಂದ ಹುಡುಕ್ಕೊಂಡು ಬರ್ಲಿ?”

ಎದುರಿಗೇ ನಿಂತಿದ್ದವಳು ವರದಿಯ ಆ ಸಾಲಿನ ಮೇಲೆ ಬೆರಳಿಟ್ಟಳು.

“ಕೆಲ್ಸಕ್ಕೆ ಸೇರೋವಾಗ ನನ್ನ ಸರ್ಟಿಫಿಕೇಟ್ ಕೊಟ್ಟಿದ್ನಲ್ಲ ಸರ್, ಅದ್ರಲ್ಲಿ ಏನು ಬರ್ದೈತೆ?”

“ಅದನ್ನೆಲ್ಲ ಯಾರು ಓದ್ತಾರೆ ಕಣಮ್ಮ?”

ಜೀವಿತಾ ಲೈಬ್ರರಿಯ ಬೀಗದ ಕೈ ಅವರ ಮೇಜಿನ ಮೇಲಿಟ್ಟಳು.

“ಇವತ್ತು ಓದಿ ಸರ್. ಓದಿ, ಲೈಬ್ರರಿಯನ್ ಅಂತ ಆರ್ಡರ್ ಬರೀರಿ. ಆಮೇಲೆ ಫೋನ್ ಮಾಡಿ, ಬತ್ತೀನಿ.”